ಹದಿನೇಳನೇ ಮನೆಗೆ ಹೋಗದ ಕೋಲು

ಲಿಯೊಕಾದಿಯಾ ತೀರಿಕೊಂಡದ್ದು ಮಾರ್ಚ್ ತಿಂಗಳಲ್ಲಿ, ನದಿ ಉಕ್ಕಿ ಹುಲ್ಲುಗಾವಲೆಲ್ಲ ಕೆರೆಯಾಗಿದ್ದ ವಾರದಲ್ಲಿ. ಎಪ್ಪತ್ತೆಂಟು ವರ್ಷವಾಗಿತ್ತು. ಊರು ಅವಳನ್ನು ಲೋಜಾ ಎಂದು ಕರೆಯುತ್ತಿತ್ತು. ಮೂವತ್ತೈದು ವರ್ಷ ಅವಳು ಓಲ್ಶಿಂಕಿ ಹಳ್ಳಿಯ ಮುಖ್ಯಸ್ಥೆಯಾಗಿದ್ದಳು. ಪಾದ್ರಿಯಿಂದ ಹಿಡಿದು ಪಶುವೈದ್ಯರವರೆಗೆ ಎಲ್ಲರೂ ಅವಳ ಅಡುಗೆಮನೆಯ ಬೆಂಚಿನ ಮೇಲೆ ಕೂತು ಚಿಕೋರಿ ಕಾಫಿ ಕುಡಿದವರೇ. ಆದರೆ ಅವಳ ಕತೆಯನ್ನು ಅಲ್ಲಿಂದ ಶುರು ಮಾಡುವಂತಿಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ಅವಳು ಮಾಡಿದ ಒಂದು ತಪ್ಪಿನಿಂದ ಶುರು ಮಾಡಬೇಕು. ಅವಳೇ ಹೇಳಿದ್ದರೂ ಅಲ್ಲಿಂದಲೇ ಹೇಳುತ್ತಿದ್ದಳು.

ಓಲ್ಶಿಂಕಿಯ ಬೀದಿಯಲ್ಲಿ ಹದಿನಾರನೇ ಮನೆಗೂ ಹದಿನೆಂಟನೇ ಮನೆಗೂ ನಡುವೆ ಒಂದು ಖಾಲಿ ಜಾಗ. ಅಲ್ಲಿ ಒಂದು ಮುದಿ ಪೇರ್ ಮರ, ಯಾರೂ ಕತ್ತರಿಸದೆ ಹಬ್ಬಿದ ಲೈಲಾಕ್ ಪೊದೆ, ಮುಚ್ಚಿಹೋದ ಬಾವಿಯ ನಾಲ್ಕು ಕಲ್ಲು. ಹದಿನೇಳನೇ ಮನೆ ಇರುವುದು ನದಿಯಾಚೆ, ಸೇತುವೆ ಸುತ್ತಿ ಹೋದರೆ ಎರಡೂವರೆ ಕಿಲೋಮೀಟರ್ ದೂರದಲ್ಲಿ, ಒಂಟಿಯಾಗಿ. ಹಿಂದೆ ಅದೂ ಬೀದಿಯಲ್ಲೇ ಇತ್ತು. ಆಗ ಒಬ್ಬೊಬ್ಬರ ಹೊಲವೂ ಇಪ್ಪತ್ತು ಮೂವತ್ತು ಪಟ್ಟಿಗಳಾಗಿ ಊರಿನ ಸುತ್ತ ಹರಿದು ಹಂಚಿಹೋಗಿತ್ತು. ಕೆಲವು ಪಟ್ಟಿಗಳಲ್ಲಿ ನೇಗಿಲು ತಿರುಗಿಸುವುದಕ್ಕೂ ಜಾಗ ಸಾಲುತ್ತಿರಲಿಲ್ಲ. ಸಾವಿರದ ಒಂಬೈನೂರ ಮೂವತ್ತನಾಲ್ಕನೇ ಇಸವಿಯಲ್ಲಿ ಸರ್ವೆಯವರು ಸರಪಳಿ ಹಿಡಿದು ಬಂದರು. ಚೂರುಗಳನ್ನೆಲ್ಲ ಕೂಡಿಸಿ ಒಬ್ಬೊಬ್ಬರಿಗೆ ಒಂದೇ ಕಡೆ ಜಮೀನು ಕೊಟ್ಟರು. ಜರೆಂಬಾ ಮನೆತನದ ಪಾಲು ನದಿಯಾಚೆ ಬಿತ್ತು. ಆ ಚಳಿಗಾಲ ಅವರು ಮನೆಯ ಒಂದೊಂದು ದಿಮ್ಮಿಗೂ ಕೊಡಲಿಯಿಂದ ಗುರುತು ಕೆತ್ತಿ, ಬಿಚ್ಚಿ, ಹೆಪ್ಪುಗಟ್ಟಿದ ನದಿಯ ಮೇಲೆ ಜಾರುಗಾಡಿಯಲ್ಲಿ ಸಾಗಿಸಿ, ಆಚೆ ದಡದಲ್ಲಿ ಮತ್ತೆ ಕಟ್ಟಿದರು. ಒಂದು ದಿಮ್ಮಿ ಮಾತ್ರ ತಲೆಕೆಳಗಾಗಿ ಕೂತಿತು. ಅದರ ಗುರುತು ಇವತ್ತಿಗೂ ಉಲ್ಟಾ ಕಾಣುತ್ತದೆ.

ಹೀಗೆ ಹತ್ತಾರು ಮನೆಗಳು ಬೀದಿ ಬಿಟ್ಟು ಕಾಡಿನ ಅಂಚಿಗೆ, ದಿಬ್ಬದ ಮೇಲಕ್ಕೆ ಚದುರಿದವು. ಊರಿನ ನಕ್ಷೆ ಬದಲಾಯಿತು. ಬದಲಾಗದೆ ಉಳಿದದ್ದು ಕೋಲಿನ ದಾರಿ.

ಕೋಲು ಎಂದರೆ ಊರಕೋಲು. ಓಕ್ ಮರದ ಬೇರಿನದು, ಮೊಳದುದ್ದ, ತುದಿ ಕೊಕ್ಕೆಯಂತೆ ಬಾಗಿದ್ದು. ಊರಿಗೆಲ್ಲ ತಿಳಿಸಬೇಕಾದ ಸುದ್ದಿ ಇದ್ದರೆ ಮುಖ್ಯಸ್ಥ ಚೀಟಿ ಬರೆದು ಅದಕ್ಕೆ ಸುತ್ತಿ, ದಾರ ಕಟ್ಟಿ, ಒಂದನೇ ಮನೆಗೆ ಕೊಡುತ್ತಾನೆ. ಒಂದನೇ ಮನೆಯವರು ಓದಿ ಎರಡನೆಯವರಿಗೆ, ಎರಡನೆಯವರು ಮೂರನೆಯವರಿಗೆ. ನಲವತ್ತು ಮನೆ ಸುತ್ತಿ ಅದು ಮುಖ್ಯಸ್ಥನ ಮನೆಗೆ ತಿರುಗಿ ಬರಬೇಕು. ಹದಿನೈದನೇ ಇಸವಿಯ ಯುದ್ಧದಲ್ಲಿ ಊರು ಸುಟ್ಟು, ಜನ ಗಾಡಿ ಕಟ್ಟಿಕೊಂಡು ಪೂರ್ವದ ಕಡೆ ಹೋದಾಗ ಕೋಲೂ ಒಂದು ಗಾಡಿಯಲ್ಲಿ ಹೋಗಿತ್ತಂತೆ. ತಿರುಗಿ ಬಂದವರು ಬೂದಿಯ ಮೇಲೆ ಅದೇ ಸಾಲಿನಲ್ಲಿ ಮನೆ ಕಟ್ಟಿಕೊಂಡರು. ಯಾರ ಪಕ್ಕ ಯಾರು ಅನ್ನುವುದಕ್ಕೆ ಕೋಲಿನ ದಾರಿಯೇ ಸಾಕ್ಷಿ. ಹಾಗಾಗಿ ಸರ್ವೆಯವರು ಮನೆಗಳನ್ನು ಚದುರಿಸಿದ ಮೇಲೂ ಯಾರಿಗೂ ಕೋಲಿನ ದಾರಿ ತಿದ್ದುವ ಮನಸ್ಸಾಗಲಿಲ್ಲ. ಹದಿನಾರನೇ ಮನೆಯವರು ನದಿ ದಾಟಿ ಜರೆಂಬಾಗೆ ಕೋಲು ಕೊಡಬೇಕು. ಜರೆಂಬಾ ಮತ್ತೆ ನದಿ ದಾಟಿ ಬಂದು, ಹದಿನಾರನೇ ಮನೆಯ ಮುಂದೆಯೇ ಹಾದು, ಹದಿನೆಂಟಕ್ಕೆ ಕೊಡಬೇಕು. ನೆರೆ ಬಂದಾಗ ದೋಣಿ. ಇದನ್ನು ಯಾರೂ ಯಾರಿಗೂ ಕಲಿಸುತ್ತಿರಲಿಲ್ಲ. ಇಲ್ಲಿ ಹುಟ್ಟಿದವರಿಗೆ ಅದು ಗೊತ್ತಿರುತ್ತಿತ್ತು.

ಲೋಜಾ ಇಲ್ಲಿ ಹುಟ್ಟಿದವಳಲ್ಲ. ಅರವತ್ತರ ಶರತ್ಕಾಲದಲ್ಲಿ ಹದಿನಾರನೇ ಮನೆಯ ಸೆವೆರಿನ್‌ನನ್ನು ಮದುವೆಯಾಗಿ ಬಂದಳು. ಚಳಿಗಾಲ ಮುಗಿಯುವ ಮುಂಚೆ ಅವನನ್ನು ಸೈನ್ಯಕ್ಕೆ ಕರೆದರು. ಮನೆಯಲ್ಲಿ ಉಳಿದದ್ದು ಅವಳು, ಅತ್ತೆ ಅನ್ಯೆಲಾ, ಎರಡು ಹಸು. ಅರವತ್ತೊಂದರ ಮಾರ್ಚ್‌ನಲ್ಲಿ ನದಿ ಉಕ್ಕಿತು. ಅನ್ಯೆಲಾ ಜ್ವರದಿಂದ ಒಲೆಯ ಪಕ್ಕದ ಮಂಚ ಹಿಡಿದಳು. ಅದೇ ವಾರ ಕೋಲು ಬಂತು.

ಚೀಟಿಯಲ್ಲಿ ಬರೆದಿತ್ತು: ಭಾನುವಾರ ಪೂಜೆ ಮುಗಿದ ಮೇಲೆ ಮನೆಯ ಯಜಮಾನರೆಲ್ಲ ಅಗ್ನಿಶಾಮಕದವರ ಶೆಡ್ಡಿಗೆ ಬರಬೇಕು, ಎಂಜಿನಿಯರ್ ವಿದ್ಯುತ್ತಿಗೆ ಹೆಸರು ಬರೆದುಕೊಳ್ಳುತ್ತಾರೆ, ಪಟ್ಟಿಯಲ್ಲಿ ಹೆಸರಿಲ್ಲದ ಮನೆಗೆ ತಂತಿ ಬರುವುದಿಲ್ಲ.

ಲೋಜಾ ಎರಡು ಸಲ ಓದಿದಳು. ಅತ್ತೆ ಆಗತಾನೇ ಕಣ್ಣು ಮುಚ್ಚಿದ್ದಳು. ಎಬ್ಬಿಸಲು ಮನಸ್ಸು ಬರಲಿಲ್ಲ. ಅವಳ ತವರೂರಿನಲ್ಲೂ ಇಂಥದೇ ಒಂದು ಕೋಲಿತ್ತು, ಅದು ಬೇಲಿಯಿಂದ ಬೇಲಿಗೆ ಹೋಗುತ್ತಿತ್ತು. ಅವಳು ಶಾಲು ಹೊದ್ದು, ಪೇರ್ ಮರದ ಕೆಳಗಿನಿಂದ ಖಾಲಿ ಜಾಗ ದಾಟಿ, ಹದಿನೆಂಟನೇ ಮನೆಯ ಗೇಟಿಗೆ ಹೋದಳು. ಆ ಮನೆಯ ತೆಕ್ಲಾ ಕೊಟ್ಟಿಗೆಯಲ್ಲಿ ಕರು ಹಾಕಿಸುತ್ತಿದ್ದಳು, ಕೂಗಿದರೂ ಕೇಳಲಿಲ್ಲ. ಎಲ್ಲ ಗೇಟುಗಳಲ್ಲೂ ಇರುವಂತೆ ಅಲ್ಲೂ ಒಂದು ಕಬ್ಬಿಣದ ಕೊಂಡಿ ಇತ್ತು. ಕೋಲನ್ನು ಅದಕ್ಕೆ ಸಿಕ್ಕಿಸಿ, ಒಂದು ಕೆಲಸ ಮುಗಿಯಿತು ಎಂದುಕೊಂಡು ಮನೆಗೆ ಬಂದಳು.

ಮೇ ತಿಂಗಳಲ್ಲಿ ಕಂಬಗಳು ಬಂದವು. ಬೀದಿಗೆ, ದಿಬ್ಬಕ್ಕೆ, ಕಾಡಂಚಿಗೆ. ನದಿಯಾಚೆ ಒಂದೂ ಇಲ್ಲ.

ಒಂದು ಮಧ್ಯಾಹ್ನ ಅನ್ಯೆಲಾ ಮತ್ತು ಲೋಜಾ ಜಗಲಿಯಲ್ಲಿ ಕೂತು ಬಿತ್ತನೆ ಆಲೂಗಡ್ಡೆ ಹೆಚ್ಚುತ್ತಿದ್ದರು. ತೆಕ್ಲಾ ಬಂದು ಮೆಟ್ಟಿಲ ಮೇಲೆ ಕೂತಳು.

"ನೋಡಿದ್ಯಾ ಅನ್ಯೆಲಾ, ಹಿಪೊಲಿತ್ ಜರೆಂಬಾಗೆ ಕರೆಂಟ್ ಬೇಡ್ವಂತೆ. ಸಿಡಿಲನ್ನ ಕೈಹಿಡಿದು ಮನೆಯೊಳಗೆ ಕರೀತಾರಾ ಅಂದ್ನಂತೆ."

"ಯಾರ ಹತ್ರ ಅಂದ?"

"ಊರೆಲ್ಲಾ ಹೇಳ್ತಿದೆ. ಇನ್ಮೇಲೆ ನಾವೆಲ್ಲ ಬೆಳಕಲ್ಲಿ ಬೋರ್ಷ್ ಸಾರು ಕುಡೀತೀವಿ, ಹಿಪೊಲಿತ್ ಮಾತ್ರ ಬಾಯಿ ಎಲ್ಲಿದೆ ಅಂತ ತಡಕಾಡ್ತಾನೆ."

ಅನ್ಯೆಲಾ ನಗಲಿಲ್ಲ. "ಹಿಪೊಲಿತ್ ಪೇಪರ್ ಓದೋ ಮನುಷ್ಯ ಕಣೆ. ಅವನ ಹೆಂಡ್ತಿ ಚಳಿಗಾಲ ಪೂರ್ತಿ ಮಗ್ಗದ ಮುಂದೆ ಕೂತಿರ್ತಾಳೆ. ಅವರಿಗೆ ಬೇಡ ಅಂದ್ರೆ ನಂಬೋ ಮಾತಾ?" ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡು, "ಕರೆಂಟಿನ ಚೀಟಿ ಬಂದಾಗ ನಿನಗೆ ಕೋಲು ಯಾರು ತಂದುಕೊಟ್ರು, ತೆಕ್ಲಾ?" ಎಂದಳು.

"ಗೇಟಲ್ಲಿ ನೇತಾಡ್ತಿತ್ತು. ಹಿಪೊಲಿತ್ ದೋಣೀಲಿ ಬಂದು ಹಾಕಿ ಹೋಗಿರ್ಬೇಕು. ಆ ಮಹಾರಾಯ ಯಾವತ್ತು ಒಳಗೆ ಬಂದು ಒಂದು ಮಾತಾಡಿದಾನೆ?"

ಲೋಜಾಳ ಕೈಯಲ್ಲಿದ್ದ ಚಾಕು ನಿಂತಿತು. ಅನ್ಯೆಲಾ ಅದನ್ನು ನೋಡಿದಳು. ತೆಕ್ಲಾ ಹೋದ ಮೇಲೆ ಸೊಸೆಯ ಕಡೆ ತಿರುಗಿದಳು.

"ಯಾರ್ಗೆ ಕೊಟ್ಟೆ?"

"ತೆಕ್ಲಕ್ಕನ ಗೇಟಿಗೆ ಹಾಕ್ದೆ, ಅಮ್ಮ. ಪಕ್ಕದ್ಮನೆ ಅಲ್ವಾ ಅಂತ."

ಅನ್ಯೆಲಾ ಆಲೂಗಡ್ಡೆಯ ಬುಟ್ಟಿ ದೂರ ತಳ್ಳಿದಳು. ಕೋಲಿನ ದಾರಿಯನ್ನು ಮೊದಲ ಸಲ ಬಾಯಿ ಬಿಟ್ಟು ವಿವರಿಸಿದಳು. ಕೊನೆಗೆ ಹೇಳಿದಳು: "ಬಾಯಿ ಮುಚ್ಕೊಂಡಿರು. ಅವನು ಬೇಡ ಅಂದ ಅಂತ ಊರು ತಾನಾಗೇ ಹೇಳ್ತಿದೆ. ಹೇಳ್ಕೊಳ್ಲಿ. ನಮ್ಮ ಮನೆಯಿಂದ ಕೋಲು ತಪ್ಪಿತು ಅಂತ ನನ್ನ ಗಂಡನ ಕಾಲದಲ್ಲೂ ಇಲ್ಲ, ಮಾವನ ಕಾಲದಲ್ಲೂ ಇಲ್ಲ."

ಲೋಜಾ ಬಾಯಿ ಮುಚ್ಚಿಕೊಂಡಳು. ಬೇಸಿಗೆ ಪೂರ್ತಿ.

ಆಗಸ್ಟಿನಲ್ಲಿ, ಮಾತೆ ಮರಿಯಳ ಹಬ್ಬದ ಸಂಜೆ, ಚರ್ಚಿನಲ್ಲಿ ಹರಸಿದ ಸೊಪ್ಪು ಹೂವಿನ ಕಟ್ಟುಗಳನ್ನು ಜನ ಇನ್ನೂ ಗೋಡೆಗೆ ಸಿಕ್ಕಿಸುತ್ತಿದ್ದಾಗ, ಊರಿಗೆ ವಿದ್ಯುತ್ ಬಂತು. ಬೀದಿಯುದ್ದಕ್ಕೂ ಕಿಟಕಿಗಳು ಬೆಳ್ಳಗೆ ಬೆಳಗಿದವು. ಯಾರೋ ಅಕಾರ್ಡಿಯನ್ ಎತ್ತಿಕೊಂಡರು. ಅನ್ಯೆಲಾ ಬಲ್ಬಿನ ಕೆಳಗೆ ಕುರ್ಚಿ ಹಾಕಿಕೊಂಡು ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಹದಿನಾರನೇ ಮನೆಯ ಪಕ್ಕದ ಕಿಟಕಿ ಖಾಲಿ ಜಾಗಕ್ಕೆ ತೆರೆಯುತ್ತದೆ. ಪೇರ್ ಮರದ ಆಚೆ ಹುಲ್ಲುಗಾವಲು, ನದಿ, ಆಮೇಲೆ ಜರೆಂಬಾ ಮನೆ, ನಡುವೆ ಅಡ್ಡ ಏನೂ ಇಲ್ಲ. ಅಲ್ಲಿ ಸೀಮೆಎಣ್ಣೆ ದೀಪದ ಒಂದು ಹಳದಿ ಚುಕ್ಕೆ ಇತ್ತು. ಹಿಂದಿನ ದಿನದವರೆಗೆ ಅದು ನಲವತ್ತರಲ್ಲಿ ಒಂದಾಗಿತ್ತು, ಲೋಜಾ ಅದನ್ನು ಗಮನಿಸಿಯೇ ಇರಲಿಲ್ಲ. ಈಗ ಕಣ್ಣು ಎತ್ತ ತಿರುಗಿಸಿದರೂ ಅದೇ ಕಾಣುತ್ತಿತ್ತು. ಅವಳು ಪರದೆ ಎಳೆದಳು. ಮರುದಿನ ಪರದೆಯನ್ನು ಬಿಚ್ಚಿ ಒಗೆದು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಆ ಕಿಟಕಿಗೆ ಮತ್ತೆಂದೂ ಪರದೆ ಹಾಕಲಿಲ್ಲ.

ಅಕ್ಟೋಬರಿನಲ್ಲಿ ಕೋಲು ಮತ್ತೆ ಬಂತು. ನಾಯಿಗಳಿಗೆ ಹುಚ್ಚುರೋಗದ ಸೂಜಿ ಹಾಕಿಸಬೇಕು ಎಂಬ ಚೀಟಿ. ಅನ್ಯೆಲಾ ಕೈ ಚಾಚುವ ಮೊದಲೇ ಲೋಜಾ ಅದನ್ನು ಎತ್ತಿಕೊಂಡಿದ್ದಳು.

ಹಲಗೆ ಸೇತುವೆ ದಾಟಿ ಅವಳು ಹೋದಾಗ ಹಿಪೊಲಿತ್ ಜರೆಂಬಾ ಅಂಗಳದಲ್ಲಿ ಕೋಸು ಹೆಚ್ಚುತ್ತಿದ್ದ. ಎತ್ತರದ ಮನುಷ್ಯ, ಮೀಸೆ ಆಗಲೇ ನೆರೆತಿತ್ತು. ಹನ್ನೆರಡು ವರ್ಷದ ಮಗಳು ದೊಮಿಚೆಲಾ ಹೊಸಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದಳು. ಒಳಗಡೆಗಿಂತ ಅಲ್ಲಿ ಬೆಳಕು ಹೆಚ್ಚು. ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು.

"ಯೇಸುವಿಗೆ ಸ್ತೋತ್ರ," ಎಂದಳು ಲೋಜಾ.

"ಎಂದೆಂದಿಗೂ." ಅವನು ಕೋಲು ತೆಗೆದುಕೊಂಡು ಚೀಟಿ ಬಿಚ್ಚಿ ಓದಿದ. "ಹ್ಞೂಂ. ನಾಯಿಗೆ ಸೂಜಿ ಹಾಕ್ಸೋವಾಗ ಮಾತ್ರ ನಾವೂ ಊರಿನವ್ರು."

"ಯಜಮಾನ್ರೇ, ಮಾರ್ಚಲ್ಲಿ ಬಂದ ಕೋಲನ್ನ ನಿಮಗೆ ಕೊಡಬೇಕಾಗಿದ್ದೋಳು ನಾನು. ನಾನು ತೆಕ್ಲಕ್ಕನ ಗೇಟಿಗೆ ಹಾಕ್ದೆ. ದಾರಿ ಗೊತ್ತಿರ್ಲಿಲ್ಲ. ಯಾರನ್ನೂ ಕೇಳ್ಲೂ ಇಲ್ಲ."

ಮಗ್ಗದ ಸದ್ದು ನಿಂತಿತು. ಹಿಪೊಲಿತ್ ಚೀಟಿಯನ್ನು ಮತ್ತೆ ಕೋಲಿಗೆ ಸುತ್ತಿ, ದಾರವನ್ನು ಎರಡು ಗಂಟು ಹಾಕಿ ಕಟ್ಟಿದ.

"ಬೇಕೂಂತ ಬಿಟ್ರು ಅಂದ್ಕೊಂಡಿದ್ದೆ," ಎಂದ. "ನಮ್ಮಪ್ಪ ನದಿ ದಾಟಿದಾಗ ಊರು ಆಡ್ಕೊಂಡಿತ್ತು, ಇವನಿಗೆ ಕಪ್ಪೆಗಳ ಜೊತೆ ಪಂಚಾಯ್ತಿ ಅಂತ. ಅದು ಇನ್ನೂ ಮುಗ್ದಿಲ್ಲ ಅಂದ್ಕೊಂಡೆ. ಅದಕ್ಕೇ ಹೋಗಿ ಕೇಳ್ಲಿಲ್ಲ."

ಅವನ ಹೆಂಡತಿ ಸ್ಕೊಲಾಸ್ತಿಕಾ ಬಾಗಿಲಿಗೆ ಬಂದಿದ್ದಳು. ಕಣ್ಣು ಕಿರಿದು ಮಾಡಿ ಅಂಗಳದ ಬೆಳಕಿಗೆ ಹೊಂದಿಕೊಳ್ಳುತ್ತ, "ಹೋಗ್ಲಿ ಬಿಡಿ ಅಂದ್ರೆ. ಇನ್ನೂ ಮಗು ಅದು," ಎಂದಳು.

"ಮಗು ಅಲ್ಲ ಕಣೆ, ಹದಿನಾರನೇ ಮನೆ," ಎಂದ ಹಿಪೊಲಿತ್. ಆಮೇಲೆ ಲೋಜಾಳ ಕಡೆ ತಿರುಗಿ, ದನಿ ಏರಿಸದೆ ಹೇಳಿದ: "ನನಗ್ಯಾಕಮ್ಮ ಹೇಳ್ತೀಯ? ನನಗೆ ಕೋಲು ಬರ್ಲಿಲ್ಲ ಅನ್ನೋದು ನನಗೆ ಗೊತ್ತಿರೋದೇ. ಗೊತ್ತಿಲ್ದೇ ಇರೋದು ಊರಿಗೆ. ನಾನು ಬೇಡ ಅಂದೆ ಅಂತ ಹೇಳ್ಕೊಂಡು ತಿರುಗ್ತಿದಾರೆ. ಹೇಳೋದಿದ್ರೆ ಅಲ್ಲಿ ಹೇಳು."

ಅವಳು ಖಾಲಿ ಕೈಯಲ್ಲಿ ಸೇತುವೆ ದಾಟಿ ತಿರುಗಿ ಬಂದಳು. ಬೈದಿದ್ದರೆ ಸುಲಭವಾಗುತ್ತಿತ್ತು ಎಂದು ಎಷ್ಟೋ ವರ್ಷದ ಮೇಲೆ ಹೇಳುತ್ತಿದ್ದಳು.

ನವೆಂಬರ್ ಸಭೆಗೆ ಅಗ್ನಿಶಾಮಕದವರ ಶೆಡ್ ತುಂಬಿತ್ತು. ಮುಂದಿನ ಬೆಂಚುಗಳಲ್ಲಿ ಗಂಡಸರು, ಹಿಂದೆ ಗೋಡೆಗೆ ಒರಗಿ ಐದಾರು ಹೆಂಗಸರು. ಬೀದಿ ದೀಪ ಎಲ್ಲಿ ಹಾಕಬೇಕು ಅನ್ನುವ ಚರ್ಚೆ ನಡೆಯುತ್ತಿತ್ತು. ಲೋಜಾ ಎದ್ದು ನಿಂತಳು. ಆಗಿನ ಮುಖ್ಯಸ್ಥ ಮುದುಕ ನಿಕೊದೆಮ್ ಕನ್ನಡಕದ ಮೇಲಿನಿಂದ ನೋಡಿದ.

"ಏನಮ್ಮ, ಅನ್ಯೆಲಾ ಏನಾದ್ರೂ ಹೇಳಿ ಕಳ್ಸಿದಾಳಾ?"

"ಇಲ್ಲ, ಮಾವ. ಅವರು ಹೇಳ್ಬೇಡ ಅಂದಿದಾರೆ."

ಕೆಲವರು ನಕ್ಕರು. ಅವಳು ನಿಂತೇ ಇದ್ದಳು. ಮಾರ್ಚ್, ಜ್ವರ, ಪೇರ್ ಮರ, ಗೇಟಿನ ಕೊಂಡಿ, ಎಲ್ಲವನ್ನೂ ಒಂದಾದ ಮೇಲೊಂದು ಹೇಳಿದಳು. "ಜರೆಂಬಾ ಯಜಮಾನ್ರು ಬೇಡ ಅನ್ನಲಿಲ್ಲ. ಅವರನ್ನ ಯಾರೂ ಕೇಳ್ಲೇ ಇಲ್ಲ. ತಪ್ಪು ನಮ್ಮ ಮನೇದು, ನಂದು."

ಮುಂದಿನ ಬೆಂಚಿನಿಂದ ಒಬ್ಬ, "ಇನ್ನು ಮೇಲೆ ಕೋಲಿನ ಜೊತೆ ಒಬ್ಬ ಪೊಲೀಸಿನವನನ್ನೂ ಕಳಿಸಿ, ಮಾವ," ಎಂದ. ಎಲ್ಲರೂ ನಕ್ಕರು. ತೆಕ್ಲಾ ಮಾತ್ರ ನಗದೆ ತಲೆ ತಗ್ಗಿಸಿದ್ದಳು. ಸಿಡಿಲಿನ ಮಾತನ್ನು ಊರಿಗೆ ಹಂಚಿದವರಲ್ಲಿ ಅವಳೂ ಒಬ್ಬಳು. ಬಾಗಿಲ ಹತ್ತಿರ ಹಿಪೊಲಿತ್ ನಿಂತಿದ್ದ. ಅವನು ಯಾವಾಗ ಬಂದನೋ ಯಾರೂ ನೋಡಿರಲಿಲ್ಲ. ಟೊಪ್ಪಿಗೆಯನ್ನು ತಲೆಗೆ ಏರಿಸಿ, "ಸರಿ. ಇಷ್ಟೇ ಬೇಕಾಗಿತ್ತು," ಎಂದು ಹೊರಟುಹೋದ.

ಅವನಿಗೆ ಅಷ್ಟೇ ಬೇಕಾಗಿತ್ತು. ಲೋಜಾಗೆ ಅಷ್ಟು ಸಾಲಲಿಲ್ಲ. ಆ ಕಿಟಕಿಯಲ್ಲಿ ಹಳದಿ ಚುಕ್ಕೆ ಇನ್ನೂ ಇತ್ತು.

ಅನ್ಯೆಲಾ ಐದು ವಾರ ಸೊಸೆಯ ಜೊತೆ ಮಾತು ಬಿಟ್ಟಳು. ಕ್ರಿಸ್ಮಸ್ ಹಿಂದಿನ ಸಂಜೆ ಮೊದಲ ನಕ್ಷತ್ರ ಕಂಡ ಮೇಲೆ ಮನೆಯವರು ತೆಳು ರೊಟ್ಟಿ ಮುರಿದು ಹಂಚಿಕೊಂಡು ಒಬ್ಬರಿಗೊಬ್ಬರು ಹಾರೈಸಬೇಕು. ಮಾತು ಬಿಟ್ಟವರಿಗೆ ಆ ಊಟವಿಲ್ಲ. ಮೇಜಿನ ಬಳಿ ಇದ್ದದ್ದು ಇಬ್ಬರೇ. ಅನ್ಯೆಲಾ ತುಂಡು ಚಾಚಿದಳು. "ನೀನು ಬಂದಾಗ, ಏನು ಇಷ್ಟು ಬಡಕಲು, ಒಂದು ಬಕೆಟ್ ನೀರೂ ಎತ್ತೋದಿಲ್ವೇನೋ ಅಂದ್ಕೊಂಡಿದ್ದೆ," ಎಂದಳು. "ಆರೋಗ್ಯವಾಗಿರು." ಸೈನ್ಯದಿಂದ ಸೆವೆರಿನ್‌ನ ಪತ್ರವೂ ಬಂದಿತ್ತು. ನಾನಾಗಿದ್ದರೆ ಹೇಳುತ್ತಿರಲಿಲ್ಲ, ನೀನು ಹೇಳಿದ್ದು ಒಳ್ಳೆಯದಾಯಿತು, ಎಂದು ಬರೆದಿದ್ದ.

ಹೊಸ ವರ್ಷದ ಮೊದಲ ವಾರ ಅವಳು ಹನ್ನೊಂದು ಕಿಲೋಮೀಟರ್ ನಡೆದು ವಿದ್ಯುತ್ ಕಚೇರಿಗೆ ಹೋದಳು. ಒಂದೇ ಮನೆ, ನೆರೆ ನಿಲ್ಲುವ ಹುಲ್ಲುಗಾವಲಿನಲ್ಲಿ ಹದಿನಾಲ್ಕು ಕಂಬ, ಆಗುವುದಿಲ್ಲ ಎಂದರು. "ಮನೆ ಈಚೆಗೆ ಬರ್ಲಿ, ನಾಳೇನೇ ಕೊಡ್ತೀವಿ," ಎಂದ ಗುಮಾಸ್ತ. "ಒಂದು ಸಲ ಆಚೆಗೆ ಹೋಗಿರೋ ಮನೆ ಸ್ವಾಮಿ ಅದು. ಅದಕ್ಕೂ ಸುಸ್ತಾಗಲ್ವಾ?" ಎಂದಳು ಲೋಜಾ. ಅರ್ಜಿ ಕೊಟ್ಟು ಬಂದಳು. ಮುಂದಿನ ವರ್ಷ ಮತ್ತೊಂದು. ಆಮೇಲೆ ಸೆವೆರಿನ್ ಸೈನ್ಯ ಮುಗಿಸಿ ಬಂದ, ಸೈಕಲ್ ಬಂತು, ಮಗ ಲೆಶೆಕ್ ಹುಟ್ಟಿದ, ಅನ್ಯೆಲಾ ತೀರಿಕೊಂಡಳು, ಕುದುರೆ ಬದಲಾಯಿತು. ಜನವರಿಯ ಅರ್ಜಿ ಮಾತ್ರ ತಪ್ಪಲಿಲ್ಲ. ಮೊದಮೊದಲು ನಾಲ್ಕು ಸಾಲು ಬರೆಯಲು ಒದ್ದಾಡುತ್ತಿದ್ದವಳು ಯಾವ ಮಾತಿಗೆ ಯಾವ ಮೇಜಿನಲ್ಲಿ ಉತ್ತರ ಬರುತ್ತದೆ ಎಂದು ಕಲಿತಳು. ಊರಿನವರು ತಮ್ಮ ಪತ್ರಗಳನ್ನೂ ಅವಳ ಹತ್ತಿರ ಬರೆಸತೊಡಗಿದರು. ಎಪ್ಪತ್ತರಲ್ಲಿ ನಿಕೊದೆಮ್ ತನಗೆ ಇನ್ನು ಕಣ್ಣು ಕಾಣುವುದಿಲ್ಲ ಎಂದಾಗ, ಸಭೆಯಲ್ಲಿ ಕೈ ಎತ್ತಿ ಅವಳನ್ನೇ ಆರಿಸಿದರು. ಓಲ್ಶಿಂಕಿಗೆ ಹೆಂಗಸು ಮುಖ್ಯಸ್ಥೆಯಾದದ್ದು ಅದೇ ಮೊದಲು.

ಅವಳು ಮಾಡಿದ ಮೊದಲ ಕೆಲಸ, ಎಲ್ಲ ಗೇಟುಗಳ ಕೊಂಡಿ ಕೀಳಿಸಿದ್ದು. ಕೋಲು ಕೈಯಿಂದ ಕೈಗೇ ಹೋಗಬೇಕು, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬರುವವರೆಗೂ ಕಾಯಬೇಕು. "ನಮ್ಗೇನು ಬೇರೆ ಕೆಲಸ ಇಲ್ವಾ?" ಎಂದು ಗಂಡಸರು ಗೊಣಗಿದರು. "ಇರೋ ಕೆಲಸ ಜೊತೇಲಿ ತನ್ನಿ. ಗೇಟ್ ಹತ್ರ ಕೂತು ಕುಡುಗೋಲು ಹದ ಮಾಡಿ," ಎಂದಳು.

ಆ ವರ್ಷದ ಅರ್ಜಿಗೆ ಹೊಸ ಉತ್ತರ ಬಂತು: ಊರಿನವರೇ ಕಂಬ ತಂದು ನಿಲ್ಲಿಸಿದರೆ ತಂತಿ ನಾವು ಎಳೆಯುತ್ತೇವೆ.

ಹದಿನಾಲ್ಕು ಕಂಬ. ಮೆತ್ತನೆಯ ಕಪ್ಪು ಮಣ್ಣಿನ ಹುಲ್ಲುಗಾವಲಿಗೆ ಅವುಗಳನ್ನು ಸಾಗಿಸಲು ಚಳಿಗಾಲವೊಂದೇ ದಾರಿ, ಅದೂ ನೆಲ ಗಟ್ಟಿಯಾದರೆ. ಹಿಮ ದಪ್ಪಗೆ ಬಿದ್ದರೆ ನೆಲಕ್ಕೆ ಕಂಬಳಿ ಹೊದಿಸಿದಂತೆ. ಮೇಲೆ ಎಷ್ಟು ಚಳಿ ಇದ್ದರೂ ಕೆಳಗೆ ಕೆಸರು ಹೆಪ್ಪುಗಟ್ಟುವುದಿಲ್ಲ. ತುಳಿದು ಒತ್ತಿದರೆ ಚಳಿ ನೆಲಕ್ಕಿಳಿಯುತ್ತದೆ. ಹಾಗಾಗಿ ಎಪ್ಪತ್ತೊಂದರ ಜನವರಿ ಪೂರ್ತಿ ಲೋಜಾ ದಿನಾ ಬೆಳಿಗ್ಗೆ ಹಾಲು ಕರೆದ ಮೇಲೆ ಕುದುರೆ ಹಿಡಿದುಕೊಂಡು ನದಿಯ ದಡದಿಂದ ಜರೆಂಬಾ ಅಂಗಳದವರೆಗೆ ಹೋಗಿ ಬಂದು ಹಿಮ ತುಳಿದಳು. ಹೊಸ ಹಿಮ ಬಿದ್ದ ದಿನ ಎರಡು ಸಲ. ಹಿಪೊಲಿತ್ ಆ ಬದಿಯಿಂದ ತನ್ನ ಕುದುರೆ ತಂದು ತುಳಿಯುತ್ತಿದ್ದ. ನಡುವೆ ಎದುರಾದರೆ ಟೊಪ್ಪಿಗೆ ಮುಟ್ಟಿ ಮುಂದೆ ಹೋಗುತ್ತಿದ್ದ. ಮೂರನೇ ವಾರದಲ್ಲಿ ಮಾತ್ರ ಒಮ್ಮೆ ನಿಂತು, "ಎಷ್ಟು ಜನ ಬರ್ತಾರೆ ಅಂದ್ಕೊಂಡಿದೀಯ?" ಎಂದು ಕೇಳಿದ.

"ಗೊತ್ತಿಲ್ಲ, ಯಜಮಾನ್ರೇ. ನಾಳೆ ಕೋಲು ಕಳಿಸ್ತೀನಿ."

"ಯಾರೂ ಬರ್ದಿದ್ರೆ?"

"ನಾವಿಬ್ರೇ ದಿನಕ್ಕೊಂದು ನಿಲ್ಸೋಣ. ಹದಿನಾಲ್ಕು ದಿನ."

ಚೀಟಿಯಲ್ಲಿ ಅವಳು ಬೇಡಿಕೊಳ್ಳಲಿಲ್ಲ, ಹಳೆಯದನ್ನು ಕೆದಕಲೂ ಇಲ್ಲ. ಶನಿವಾರ ಬೆಳಿಗ್ಗೆ ಹದಿನೇಳನೇ ಮನೆಗೆ ಕಂಬ ನಿಲ್ಲಿಸುವುದು, ಮನೆಗೆ ಒಬ್ಬರು ಅಥವಾ ಒಂದು ಮರ, ಎಂದಷ್ಟೇ ಬರೆದಳು. ಕೋಲು ಎರಡು ದಿನದಲ್ಲಿ ಸುತ್ತಿ ಬಂತು. ಏನಾದರೂ ಉತ್ತರ ಇದೆಯೇ ಎಂದು ಚೀಟಿಯ ಹಿಂದೆ ತಿರುಗಿಸಿ ನೋಡಿದಳು. ಏನೂ ಇರಲಿಲ್ಲ.

ಶನಿವಾರ ನಸುಕಿಗೆ ಅವಳೂ ಸೆವೆರಿನ್ನೂ ನದಿ ದಡಕ್ಕೆ ಹೋದಾಗ ಅಲ್ಲಿ ಒಂದೇ ಜಾರುಗಾಡಿ ಇತ್ತು. ತೆಕ್ಲಾಳ ಗಂಡ ತನ್ನ ಕಣಜಕ್ಕೆಂದು ಮೂರು ವರ್ಷ ಒಣಗಿಸಿಟ್ಟಿದ್ದ ಸ್ಪ್ರೂಸ್ ದಿಮ್ಮಿ ಕಟ್ಟಿಕೊಂಡು ಬಂದಿದ್ದ. "ಅವಳು ನನ್ನನ್ನ ನಾಲ್ಕು ಗಂಟೆಗೇ ಹಾಸಿಗೆಯಿಂದ ತಳ್ಳಿದ್ಲು," ಎಂದ ಬೇಸರದಿಂದ. ಆಮೇಲೆ ಕಾಡಂಚಿನ ಕಡೆಯಿಂದ ಕುದುರೆ ಗಂಟೆಯ ಸದ್ದು ಕೇಳಿತು. ದಿಬ್ಬದ ಕಡೆಯಿಂದ ಇನ್ನೊಂದು. ಬೆಳಕು ಹರಿಯುವಷ್ಟರಲ್ಲಿ ಮೂವತ್ತೊಂದು ಮನೆಯವರು ಬಂದಿದ್ದರು. ತುಳಿದ ದಾರಿ ಕಲ್ಲಿನಂತಿತ್ತು, ಒಂದು ಗಾಡಿಯೂ ಹೂತುಕೊಳ್ಳಲಿಲ್ಲ. ಗುಂಡಿ ತೋಡುವಲ್ಲಿ ಬೆಂಕಿ ಹಾಕಿ ನೆಲ ಕರಗಿಸಿದರು. ಸ್ಕೊಲಾಸ್ತಿಕಾ ಹುಳಿ ಸಾರನ್ನು ಹಾಲಿನ ಕ್ಯಾನಿನಲ್ಲಿ ತಂದು ಕಂಬದಿಂದ ಕಂಬಕ್ಕೆ ಬಡಿಸಿದಳು. ಕ್ಯಾನಿನ ಇನ್ನೊಂದು ಕಿವಿ ಹಿಡಿದು ದೊಮಿಚೆಲಾ ಅವಳಿಗೆ ದಾರಿ ತೋರಿಸುತ್ತಿದ್ದಳು. ಆಗ ಲೋಜಾ ಮೊದಲ ಸಲ ಸರಿಯಾಗಿ ಗಮನಿಸಿದಳು: ಸ್ಕೊಲಾಸ್ತಿಕಾ ಸೌಟನ್ನು ಬಟ್ಟಲಿನ ಅಂಚಿಗೆ ಮುಟ್ಟಿಸಿ ಎಲ್ಲಿದೆ ಎಂದು ತಿಳಿದುಕೊಂಡು ಆಮೇಲೆ ಸುರಿಯುತ್ತಿದ್ದಳು.

ಏಪ್ರಿಲಿನಲ್ಲಿ ಜರೆಂಬಾ ಮನೆಗೆ ಬೆಳಕು ಬಂತು. ಲೋಜಾ ಬಾಗಿಲ ಬಳಿ ನಿಂತಿದ್ದಳು. ಹಿಪೊಲಿತ್ ಗುಂಡಿ ಒತ್ತಿ, ಮೇಲೆ ನೋಡಿ, "ಛಾವಣಿ ಇಷ್ಟು ಕಪ್ಪಾಗಿದೆ ಅಂತ ಗೊತ್ತಿದ್ದಿದ್ರೆ ಕತ್ತಲಲ್ಲೇ ಇರ್ತಿದ್ದೆ," ಎಂದ.

"ಬಂತಾ?" ಎಂದಳು ಸ್ಕೊಲಾಸ್ತಿಕಾ. ಬೆಂಚಿನ ಮೇಲೆ ಹತ್ತಿ ಬಲ್ಬಿನ ಹತ್ತಿರ ಅಂಗೈ ಹಿಡಿದಳು. "ಹೌದು, ಬೆಚ್ಚಗಿದೆ. ಬಂದಿದೆ."

ಹತ್ತು ಚಳಿಗಾಲ ಆ ಮಗ್ಗದ ಮುಂದೆ ಸೀಮೆಎಣ್ಣೆ ದೀಪವೇ ಉರಿದಿತ್ತು. ಕಣ್ಣು ಹೋದದ್ದು ಅದರಿಂದಲ್ಲ, ಅವರ ಅಮ್ಮನಿಗೂ ಹೀಗೇ ಆಗಿತ್ತು, ಎಂದು ಡಾಕ್ಟರು ಹೇಳಿದರು. ಸ್ಕೊಲಾಸ್ತಿಕಾಳೂ ಅದನ್ನೇ ಹೇಳುತ್ತಿದ್ದಳು. ಲೋಜಾ ಆ ಮಾತನ್ನು ಕೇಳಿಸಿಕೊಂಡಳು, ಎಂದೂ ಆಸರೆಯಾಗಿ ಹಿಡಿಯಲಿಲ್ಲ. ಕ್ಷಮಿಸಿದಿರಾ ಎಂದು ಆ ಮನೆಯಲ್ಲಿ ಕೇಳಲೂ ಇಲ್ಲ. ಗುರುವಾರ ಗುರುವಾರ ಸೇತುವೆ ದಾಟಿ ಹೋಗಿ ಅವಳಿಗೆ ಪೇಪರ್ ಓದಿ ಹೇಳುತ್ತಿದ್ದಳು. ಮೊದಲು ಮರಣದ ಸುದ್ದಿ, ಆಮೇಲೆ ಹವಾಮಾನ, ಕೊನೆಗೆ ಸರಕಾರ, ಸಮಯ ಉಳಿದರೆ. ಆಮೇಲೆ ಸ್ಕೊಲಾಸ್ತಿಕಾ ಬದುಕಿದ್ದ ಹದಿನೆಂಟು ವರ್ಷವೂ ಅದು ನಡೆಯಿತು. ಆರನೇ ಕಂಬದ ಮೇಲೆ ಕೊಕ್ಕರೆ ಗೂಡು ಕಟ್ಟಿದ್ದನ್ನು ಲೋಜಾಳೇ ಹೋಗಿ ಹೇಳಿದಳು. ಗಂಡು ಕೊಕ್ಕರೆ ಕೊಕ್ಕು ಬಡಿಯುವ ಸದ್ದು ಕೇಳಲೆಂದು ಸ್ಕೊಲಾಸ್ತಿಕಾ ಕುರ್ಚಿಯನ್ನು ಅಂಗಳಕ್ಕೆ ಹಾಕಿಸಿಕೊಂಡಳು.

ಎಂಬತ್ತರ ದಶಕದಲ್ಲಿ ದಿಬ್ಬದ ಮೇಲಿನ ಎರಡು ಮನೆ ಬಾಗಿಲು ಹಾಕಿದವು. ಆಮೇಲೆ ಫೋನ್ ಬಂತು, ಆಮೇಲೆ ಎಲ್ಲರ ಜೇಬಿನಲ್ಲೂ ಫೋನ್. ಸುತ್ತಲಿನ ಊರುಗಳ ಕೋಲುಗಳು ವಸ್ತುಸಂಗ್ರಹಾಲಯಕ್ಕೆ ಹೋದವು. ನಮ್ಮದನ್ನೂ ಕೇಳಿಕೊಂಡು ಪಟ್ಟಣದಿಂದ ಒಬ್ಬ ಹೆಂಗಸು ಬಂದಿದ್ದಳು. "ಕೊಡಬಹುದಿತ್ತು," ಎಂದಳು ಲೋಜಾ, "ಆದ್ರೆ ಅದು ಈಗ ಮನೇಲಿಲ್ವಲ್ಲ. ಇಪ್ಪತ್ತೆರಡನೇ ಮನೇಲಿದೆ. ಅಲ್ಲಿ ಕೇಳಿದ್ರೆ ಇಪ್ಪತ್ಮೂರಕ್ಕೆ ಹೋಯ್ತು ಅಂತಾರೆ." ಅವಳು ಮುಖ್ಯಸ್ಥೆಯ ಕೆಲಸ ಬಿಟ್ಟ ಮೇಲೆ ಹೊಸ ಮುಖ್ಯಸ್ಥ ಕೋಲನ್ನು ಅವಳ ನಡುಮನೆಯಲ್ಲೇ ಬಿಟ್ಟ. ಅದು ಹೊರಡುವ ಸಂದರ್ಭ ಕಡಿಮೆಯಾಯಿತು. ಸಾವಿಗೆ, ನೆರೆಗೆ, ಒಮ್ಮೊಮ್ಮೆ ಕಳೆದುಹೋದ ಹಸುವಿಗೆ. ಈಗ ಅದು ಹದಿನಾರರಿಂದ ಹೊರಟು ಹದಿನೇಳಕ್ಕೆ ಮೊದಲು ಹೋಗುತ್ತಿತ್ತು.

ಕೊನೆಯ ವಾರ ಅವಳು ಪರದೆಯಿಲ್ಲದ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ಕಣ್ಣು ತೆರೆದರೆ ನೀರು, ಕಂಬಗಳ ಸಾಲು, ಸಂಜೆಯಾದರೆ ಆಚೆ ದಡದ ದೀಪ. ಲೆಶೆಕ್‌ನ ಹೆಂಡತಿ ಇರೆನಾ ದಿಂಬು ಸರಿಮಾಡಲು ಬಾಗಿದಾಗ, "ನಾನು ಹೋದ್ಮೇಲೆ ಮೊದ್ಲು ದೋಣಿ, ಆಮೇಲೆ ಪಾದ್ರಿ," ಎಂದಳು.

"ಪಾದ್ರಿ ಬೇಜಾರು ಮಾಡ್ಕೋತಾರೆ, ಅಮ್ಮ."

"ಅವರ ಮನೆಗೆ ರಸ್ತೆ ಇದೆ."

ಬುಧವಾರ ಬೆಳಿಗ್ಗೆ ಅವಳು ಹೋದಳು. ಹೊಸ ಮುಖ್ಯಸ್ಥ ಎಲ್ಲರ ಫೋನಿಗೆ ಸುದ್ದಿ ಕಳಿಸಿದ. ಅರ್ಧ ಗಂಟೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಆದರೂ ಇರೆನಾ ಒಂದು ಚೀಟಿಯಲ್ಲಿ ಹೆಸರು, ವಯಸ್ಸು, ಶನಿವಾರ ಎಷ್ಟು ಗಂಟೆಗೆ ಮಣ್ಣು ಎಂದು ಬರೆದು ಕೋಲಿಗೆ ಸುತ್ತಿದಳು. ಲೆಶೆಕ್ ದೋಣಿಯಲ್ಲಿ ನಿಂತು ತಳ್ಳುವ ಗಳ ಹಿಡಿದು ವರ್ಷಗಳೇ ಆಗಿದ್ದವು. ಮರಗಳ ನಡುವೆ ಎರಡು ಸಲ ಸಿಕ್ಕಿಕೊಂಡ. ಕಂಬಗಳು ಈಗ ಕಾಂಕ್ರೀಟಿನವು. ಆರನೆಯದರ ಮೇಲೆ ಗೂಡು ಖಾಲಿಯಿತ್ತು, ಕೊಕ್ಕರೆಗಳು ಬರಲು ಇನ್ನೂ ಎರಡು ವಾರ ಇತ್ತು.

ದೊಮಿಚೆಲಾ ನೀರಿನ ಅಂಚಿನಲ್ಲಿ ನಿಂತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು, ರಬ್ಬರ್ ಬೂಟು, ತಲೆಗೆ ಕಪ್ಪು ವಸ್ತ್ರ.

"ಯೇಸುವಿಗೆ ಸ್ತೋತ್ರ, ದೊಮಿಚೆಲಕ್ಕ."

"ಎಂದೆಂದಿಗೂ. ಫೋನಲ್ಲಿ ನೋಡ್ದೆ ಕಣಪ್ಪ."

"ಆದ್ರೂ ಬಂದೆ."

"ಬರ್ತೀಯ ಅಂತ ಗೊತ್ತಿತ್ತು. ಬೂಟು ಹಾಕ್ಕೊಂಡು ಎಂಟು ಗಂಟೆಯಿಂದ ನಿಂತಿದೀನಿ."

ಅವಳು ಕೋಲನ್ನು ಎರಡು ಕೈಯಲ್ಲಿ ತೆಗೆದುಕೊಂಡಳು. ಗೊತ್ತಿದ್ದ ಸುದ್ದಿಯೇ ಆದರೂ ದಾರ ಬಿಚ್ಚಿ ಚೀಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಮತ್ತೆ ಸುತ್ತಿ ಎರಡು ಗಂಟು ಹಾಕಿದಳು. ದೋಣಿ ಹತ್ತಿ ಕೂತಳು. ಸ್ವಲ್ಪ ದೂರ ಹೋದ ಮೇಲೆ ಲೆಶೆಕ್ ತಿರುಗಿ ನೋಡಿ, "ಅಕ್ಕ, ಜಗಲಿ ದೀಪ ಆರಿಸ್ಲಿಲ್ಲ ನೀವು," ಎಂದ.

"ಇರ್ಲಿ," ಎಂದಳು ದೊಮಿಚೆಲಾ. "ಶನಿವಾರದವರೆಗೂ ಇರ್ಲಿ."

ಬೀದಿಯ ತುದಿಯಲ್ಲಿ ದೋಣಿ ಕಟ್ಟಿ ಅವಳು ಒಬ್ಬಳೇ ನಡೆದಳು. ಹದಿನಾರನೇ ಮನೆಯ ಮುಂದೆ ಜನ ಸೇರಿದ್ದರು, ಅವಳಿಗೆ ದಾರಿ ಬಿಟ್ಟರು. ಅವಳು ಅಲ್ಲಿ ನಿಲ್ಲಲಿಲ್ಲ. ಕೈಯಲ್ಲಿ ಕೋಲಿದ್ದಾಗ ನಿಲ್ಲುವಂತಿಲ್ಲ. ತಮ್ಮ ಹಳೆಯ ಪೇರ್ ಮರ, ಬಾವಿಯ ಕಲ್ಲುಗಳನ್ನು ದಾಟಿ ಹದಿನೆಂಟನೇ ಮನೆಯ ಗೇಟಿಗೆ ಬಂದಳು. ಕೊಂಡಿ ಕಿತ್ತ ಜಾಗದಲ್ಲಿ ಎರಡು ಮೊಳೆತೂತು ಇನ್ನೂ ಇದ್ದವು. ಒಳಗೆ ಹೋಗಿ ಬಾಗಿಲು ತಟ್ಟಿದಳು. ತೆಕ್ಲಾಳ ಸೊಸೆ ಹಿತ್ತಲಲ್ಲಿದ್ದಿರಬೇಕು, ತಡವಾಯಿತು. ದೊಮಿಚೆಲಾ ಕೋಲನ್ನು ಎದೆಗೆ ಒತ್ತಿಕೊಂಡು, ಬಾಗಿಲು ತೆರೆಯುವವರೆಗೆ ಕಾದಳು.